ಆನೆ ಎದುರಾದಾಗ ಕಾಲು ಕೀಳದೆ ನಿಲ್ಲುವುದು, ಆಮೇಲೆ ನಡುಕ ಹಿಡಿಯುವುದು: ಮೈಯೊಳಗೆ ಏನಾಗುತ್ತದೆ?

ತೋಟದ ರೈಟರ್, ಸಿದ್ದಾಪುರ

ಕೊಯ್ಲಿಗೆ ಮುಂಚೆ ಲೈನ್ ಮನೆಯವರನ್ನೂ ಕಣದಲ್ಲಿ ಕೆಲಸ ಮಾಡುವವರನ್ನೂ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಬೇಕಿದೆ. ಆನೆ ಕಂಡರೆ ಎಷ್ಟು ದೂರ ನಿಲ್ಲಬೇಕು, ಯಾರಿಗೆ ಫೋನ್ ಮಾಡಬೇಕು ಎನ್ನುವುದನ್ನು ಅರಣ್ಯ ಇಲಾಖೆಯವರು ಹೇಳುತ್ತಾರೆ. ನನಗೆ ಬೇಕಿರುವುದು ಮೈಯೊಳಗಿನ ಲೆಕ್ಕ. ಜನ ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಹಾಕುತ್ತಿದ್ದೇನೆ.

ಒಬ್ಬ ಓಡುತ್ತಾನೆ, ಇನ್ನೊಬ್ಬ ಕಂಬದ ಹಾಗೆ ನಿಂತುಬಿಡುತ್ತಾನೆ. ಯಾಕೆ? ಆನೆ ಹೋಗಿ ಎಷ್ಟೋ ಹೊತ್ತಾದ ಮೇಲೆ ಕೈಕಾಲು ನಡುಗುವುದು ಯಾಕೆ? ಹೆದರಿದವರಿಗೆ ಸಕ್ಕರೆ ನೀರು, ಬೆಲ್ಲದ ಕರಿ ಕಾಫಿ, ಗಂಡಸರಾದರೆ ಒಂದು ಪೆಗ್ ಕೊಡುವ ರೂಢಿ ಇದೆ. ಇವುಗಳಲ್ಲಿ ಯಾವುದು ಸರಿ? 2018ರ ಬರೆ (ಗುಡ್ಡದ ಇಳಿಜಾರು) ಕುಸಿತ ಕಂಡ ಕಡೆಯಿಂದ ಬಂದ ಕೆಲವರಿಗೆ ಇವತ್ತಿಗೂ ಜೋರು ಮಳೆ ಹಿಡಿದರೆ ಎದೆ ಹೊಡೆದುಕೊಳ್ಳುತ್ತದೆ; ಇದೂ ಅದೇ ಬಗೆಯದೇ? ಕೊನೆಯದಾಗಿ, ಟೆನ್ಷನ್ ಎಷ್ಟಿದೆ ಎಂದು ನೋಡಲು ಕಾರ್ಟಿಸೋಲ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ ಮಾಡಿಸಿದರೆ ಏನಾದರೂ ತಿಳಿಯುತ್ತದೆಯೇ?

ಗೊತ್ತಿದ್ದವರು ಅಂಕಿ ಸಮೇತ ಹೇಳಿ.

---

ಶರೀರಕ್ರಿಯೆ ಮೇಷ್ಟ್ರು, ಮಡಿಕೇರಿ

ರೈಟರೇ, ನಿಂತುಬಿಟ್ಟವನಿಂದಲೇ ಶುರು ಮಾಡುತ್ತೇನೆ. ಆಮೇಲೆ ಎಲ್ಲರೂ ಸೇರಿ ಗೇಲಿ ಮಾಡುವುದು ಅವನನ್ನೇ.

ಕಾಫಿ ಸಾಲಿನಾಚೆ ಕಪ್ಪಗೆ ಏನೋ ಅಲುಗಿತು ಅಂದುಕೊಳ್ಳಿ. ಅದು ಆನೆಯೋ ಬಂಡೆಯ ನೆರಳೋ ಎಂದು ನಿಮಗೆ ಖಾತ್ರಿಯಾಗುವ ಮೊದಲೇ, ಮಿದುಳಿನ ಅಮಿಗ್ಡಲಾ ಎಂಬ ಬಾದಾಮಿ ಗಾತ್ರದ ಭಾಗ ಎಚ್ಚೆತ್ತಿರುತ್ತದೆ. ಅಲ್ಲಿಂದ ಸುದ್ದಿ ಎರಡು ಕಡೆ ಹೋಗುತ್ತದೆ. ಒಂದು ಹೈಪೊಥಲಾಮಸ್‌ಗೆ, ಎದೆಬಡಿತ, ಬಿಪಿ, ಬೆವರು ಎಲ್ಲ ಅದರ ಉಸ್ತುವಾರಿ. ಇನ್ನೊಂದು ನಡುಮಿದುಳಿಗೆ, ಓಡುವುದೋ ನಿಲ್ಲುವುದೋ ಎಂಬುದು ಬಹುಮಟ್ಟಿಗೆ ಅಲ್ಲಿ ತೀರ್ಮಾನವಾಗುತ್ತದೆ. ಅಪಾಯ ಇನ್ನೂ ದೂರವಿದ್ದು ಅದು ನಿಮ್ಮನ್ನು ಕಂಡಿದೆಯೋ ಇಲ್ಲವೋ ತಿಳಿಯದಿದ್ದಾಗ ಮೊದಲು ಬರುವುದು ನಿಲ್ಲುವ ಆಜ್ಞೆ. ಅಲುಗುವುದು ಬೇಗ ಕಣ್ಣಿಗೆ ಬೀಳುತ್ತದೆ, ಅಲುಗದಿದ್ದರೆ ಬೀಳುವುದು ಕಷ್ಟ. ಪ್ರಾಣಿಗಳೆಲ್ಲ ಹಿಂದಿನಿಂದ ಪಾಲಿಸಿಕೊಂಡು ಬಂದ ಉಪಾಯ ಅದು. ಆಗ ಎದೆಬಡಿತ ಏರುವ ಬದಲು ಒಂದು ಗಳಿಗೆ ಇಳಿಯುತ್ತದೆ, ಸ್ನಾಯುಗಳು ಮಾತ್ರ ಬಿಗಿಯಾಗಿರುತ್ತವೆ. ಏರುದಾರಿಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದುಕೊಂಡೇ ಜೀಪಿನ ಆಕ್ಸಿಲರೇಟರ್ ಒತ್ತಿ ಹಿಡಿದ ಹಾಗೆ. ಬ್ರೇಕ್ ಬಿಟ್ಟ ಕ್ಷಣ ಓಟ. ಕೆಲವರಿಗೆ ಬ್ರೇಕ್ ತಡವಾಗಿ ಬಿಡುತ್ತದೆ, ಅಷ್ಟೇ. ಅದನ್ನು ಹೇಡಿತನ ಅನ್ನುವುದು ತಪ್ಪು. ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ಇದಕ್ಕೆ ‘ಹೋರಾಡು ಇಲ್ಲವೇ ಓಡು’ ಎಂಬ ಚೌಕಟ್ಟು ಕೊಟ್ಟ. ಆ ಎರಡು ಪದ ಎಷ್ಟು ಜನಪ್ರಿಯವಾದವೆಂದರೆ ಮೂರನೆಯದಾದ ‘ನಿಲ್ಲು’ ಬಹಳ ಕಾಲ ಮೂಲೆಗೆ ಸರಿಯಿತು.

ಈಗ ಎರಡು ಗಡಿಯಾರಗಳ ವಿಷಯ. ಸಭೆಯಲ್ಲಿ ಇದೊಂದನ್ನು ಹೇಳಿದರೂ ಸಾಕು.

ಮೊದಲನೆಯದು ಸೆಕೆಂಡಿನ ಗಡಿಯಾರ. ಸಿಂಪಥೆಟಿಕ್ ನರಗಳು, ಅಂದರೆ ಮೈಯನ್ನು ತುರ್ತಿಗೆ ಸಜ್ಜು ಮಾಡುವ ನರಗಳು, ಒಂದೆರಡು ಸೆಕೆಂಡಿನಲ್ಲಿ ಹೃದಯವನ್ನು ಮುಟ್ಟುತ್ತವೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ತಲಾ 4-5 ಗ್ರಾಂ ತೂಗುವ ಅಡ್ರಿನಲ್ ಗ್ರಂಥಿಗಳಿವೆ. ಅವುಗಳ ತಿರುಳಿನಿಂದ ಅಡ್ರಿನಲಿನ್ ರಕ್ತಕ್ಕೆ ಸುರಿಯುತ್ತದೆ. ಚರ್ಮದ ಮತ್ತು ಕರುಳಿನ ರಕ್ತನಾಳ ಕಿರಿದಾಗಿ ರಕ್ತ ತೊಡೆ, ತೋಳುಗಳ ಕಡೆ ತಿರುಗುತ್ತದೆ. ಕೈ ತಣ್ಣಗಾಗುವುದು, ಹೊಟ್ಟೆ ಕಿವುಚುವುದು ಅದರಿಂದ. ಬಾಯಿ ಒಣಗುತ್ತದೆ, ಪಾಪೆ ಅಗಲವಾಗುತ್ತದೆ, ಪಿತ್ತಕೋಶದ ಪಕ್ಕದ ಯಕೃತ್ತು ಕೂಡಿಟ್ಟ ಗ್ಲೈಕೊಜನ್ ಒಡೆದು ಸಕ್ಕರೆ ಬಿಡುತ್ತದೆ. ರಕ್ತದಲ್ಲಿ ಅಡ್ರಿನಲಿನ್‌ನ ಆಯುಷ್ಯ ಚಿಕ್ಕದು. ಎರಡು ಮೂರು ನಿಮಿಷಕ್ಕೆ ಅರ್ಧ ಕರಗುತ್ತದೆ.

ಎರಡನೆಯದು ಗಂಟೆಯ ಗಡಿಯಾರ. ಹೈಪೊಥಲಾಮಸ್ ಸಿಆರ್‌ಎಚ್ ಎಂಬ ಹಾರ್ಮೋನ್ ಕಳಿಸುತ್ತದೆ, ಅದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎಸಿಟಿಎಚ್ ಹೊರಡಿಸುತ್ತದೆ, ಎಸಿಟಿಎಚ್ ರಕ್ತದಲ್ಲಿ ಇಳಿದು ಬಂದು ಅಡ್ರಿನಲ್‌ನ ಹೊರಪದರದಿಂದ ಕಾರ್ಟಿಸೋಲ್ ತೆಗೆಸುತ್ತದೆ. ಮೂರು ಕೈ ದಾಟಬೇಕಾದ್ದರಿಂದ ನಿಧಾನ. ಹೆದರಿಕೆ ಶುರುವಾದ 20-30 ನಿಮಿಷಕ್ಕೆ ಇದು ಶಿಖರ ಮುಟ್ಟುತ್ತದೆ. ಅಷ್ಟು ಹೊತ್ತಿಗೆ ಆನೆ ಕಂದಕ ದಾಟಿ ಹೋಗಿರುತ್ತದೆ! ಅರ್ಧ ಇಳಿಯಲು ಮತ್ತೆ 60-90 ನಿಮಿಷ ಬೇಕು. ಕಾರ್ಟಿಸೋಲ್ ಖರ್ಚಾದ ಶಕ್ತಿಯನ್ನು ತುಂಬಿಸುತ್ತದೆ, ಬಾವು ತಡೆಯುತ್ತದೆ, ಮಿದುಳಿಗೆ ಮರಳಿ ಹೋಗಿ ‘ಸಾಕು, ನಿಲ್ಲಿಸು’ ಎಂದು ತನ್ನ ಉತ್ಪಾದನೆಯನ್ನು ತಾನೇ ತಡೆಯುತ್ತದೆ. ತೊಂದರೆ ಇರುವುದು ಈ ಏರಿಕೆಯಲ್ಲಲ್ಲ. ದಿನಾ ಏರಿಸಿ, ಇಳಿಯಲು ಬಿಡದಿದ್ದರೆ ತೊಂದರೆ. ಕೊಯ್ಲಿನ ಮೂರು ತಿಂಗಳು ದಿನಾ ಬೆಳಗ್ಗೆ ಆನೆ ಇದೆಯೋ ಇಲ್ಲವೋ ಎಂದು ಅಂಜುತ್ತಲೇ ತೋಟಕ್ಕೆ ಇಳಿಯುವವರ ಬಿಪಿ, ಶುಗರ್, ನಿದ್ದೆ ಕೆಡುವುದು ಆ ದಾರಿಯಲ್ಲಿ.

ನಡುಕ: ಅಡ್ರಿನಲಿನ್ ಸ್ನಾಯುಗಳ ಸಣ್ಣ ಕಂಪನವನ್ನು ಹೆಚ್ಚಿಸುತ್ತದೆ. ಓಡುವಾಗಲೋ ಬಿಗಿಹಿಡಿದು ನಿಂತಾಗಲೋ ಅದು ಗೊತ್ತಾಗುವುದಿಲ್ಲ. ಕೂತು ಸ್ನಾಯು ಸಡಿಲವಾದಾಗ ಎದ್ದು ಕಾಣುತ್ತದೆ. ಜೊತೆಗೆ ನಡೆದದ್ದನ್ನು ಹತ್ತು ಜನಕ್ಕೆ ಹತ್ತು ಸಲ ಹೇಳುವಾಗ ಪ್ರತಿ ಸಲವೂ ಸ್ವಲ್ಪ ಹೊಸ ಅಡ್ರಿನಲಿನ್ ಬರುತ್ತದೆ.

ನಿಮ್ಮ ಕೆಲಸಕ್ಕೆ ಬರುವ ಇನ್ನೊಂದು ಮಾತು. ಹಣೆಯ ಹಿಂದಿನ ಪ್ರೀಫ್ರಾಂಟಲ್ ಭಾಗ, ಅಂದರೆ ಯೋಚಿಸಿ ಆರಿಸುವ ಭಾಗ, ಈ ಹೊತ್ತಿನಲ್ಲಿ ಮಂಕಾಗುತ್ತದೆ. ರೂಢಿಯಾದದ್ದು ಮಾತ್ರ ಕೈಗೆ ಸಿಗುತ್ತದೆ. ಬೆರಳಿನ ಸೂಕ್ಷ್ಮ ಕೆಲಸವೂ ಕೆಡುತ್ತದೆ. ಫೋನ್ ಲಾಕ್ ತೆಗೆದು ಹೆಸರು ಹುಡುಕುವುದು ಆಗುವುದಿಲ್ಲ. ಹಾಗಾಗಿ ಏಳೆಂಟು ಸೂಚನೆ ಕೊಡಬೇಡಿ. ಎರಡು ಮೂರು ಸಾಕು. ಅವನ್ನು ಬಾಯಲ್ಲಿ ಹೇಳಿ ಬಿಡದೆ, ನಿಲ್ಲಿಸಿ, ನಡೆಸಿ, ನಾಲ್ಕೈದು ಸಲ ಮಾಡಿಸಿ.

---

ಸಿಸ್ಟರ್, ವಿರಾಜಪೇಟೆ

ಮೇಷ್ಟ್ರು ಹೇಳಿದ್ದು ಸರಿ, ಒಂದು ಸಣ್ಣ ತಕರಾರು ಮಾತ್ರ: ಯಕೃತ್ತಿನ ಗುರುತಿಗೆ ಪಿತ್ತಕೋಶ ಯಾಕೆ ಸರ್, ಬಲಗಡೆ ಪಕ್ಕೆಲುಬಿನ ಕೆಳಗೆ ಅಂದರೆ ಸಾಕಿತ್ತು.

ಸ್ಥಳದಲ್ಲಿ ಮಾಡಬೇಕಾದದ್ದನ್ನು ಹೇಳುತ್ತೇನೆ. ಮೊದಲು ‘ಇದು ಬರೀ ಹೆದರಿಕೆಯೇ’ ಎಂದು ನೋಡಿಕೊಳ್ಳಬೇಕು. ತೋಟದಲ್ಲಿ ಬೆವರು, ನಡುಕಕ್ಕೆ ಬೇರೆ ಕಾರಣಗಳೂ ಇರುತ್ತವೆ.

ಶುಗರ್ ಇರುವವರು ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತೆಗೆದುಕೊಂಡು ತಿಂಡಿ ಬಿಟ್ಟಿದ್ದರೆ ಶುಗರ್ ಇಳಿದಾಗಲೂ ಹೀಗೇ ಬೆವರಿ ನಡುಗುತ್ತಾರೆ. ಗ್ಲೂಕೋಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ, ಅಂದರೆ ಸುಮಾರು 15 ಗ್ರಾಂ ಸಕ್ಕರೆ ನೀರಿನಲ್ಲಿ ಕದಡಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಮೀಟರ್ ಇಲ್ಲದಿದ್ದರೆ ಇಂಥವರಿಗೆ ಸಕ್ಕರೆ ಕೊಡುವುದೇ ಕ್ಷೇಮ. ಪ್ರಜ್ಞೆ ಮಬ್ಬಾಗಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ. ಉಳಿದವರಿಗೆ ಹೆದರಿದಾಗ ಸಕ್ಕರೆ ನೀರಿನಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ. ಯಕೃತ್ತು ಆಗಲೇ ಸಕ್ಕರೆ ಬಿಟ್ಟಿರುತ್ತದೆ.

ಔಷಧಿ ಹೊಡೆಯುವ ದಿನವಾದರೆ ಕಣ್ಣು ನೋಡಿ. ಹೆದರಿದವರ ಪಾಪೆ ದೊಡ್ಡದು, ಬಾಯಿ ಒಣಗಿರುತ್ತದೆ. ಕ್ಲೋರ್‌ಪೈರಿಫಾಸ್ ತರಹದ ಕೀಟನಾಶಕ ಮೈಗೆ ಸೇರಿದರೆ ಬೆವರು, ನಡುಕ ಎರಡೂ ಇರುತ್ತವೆ, ಆದರೆ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಜೊಲ್ಲು ಸುರಿಯುತ್ತದೆ, ಕಣ್ಣಲ್ಲಿ ನೀರು, ವಾಂತಿ, ಭೇದಿ. ಕೈಗೆ ಗ್ಲೌಸ್ ಹಾಕಿಕೊಂಡು ಬಟ್ಟೆ ಬಿಚ್ಚಿಸಿ, ಸೋಪು ಹಾಕಿ ತೊಳೆದು, ಡಬ್ಬಿಯ ಲೇಬಲ್ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. ತಡ ಮಾಡುವ ಹಾಗಿಲ್ಲ.

ಎದೆ ಮಧ್ಯೆ ಒತ್ತಿದ ಹಾಗೆ ನೋವು, ಎಡತೋಳಿಗೋ ದವಡೆಗೋ ಹರಡಿದರೆ, ತಣ್ಣನೆ ಬೆವರಿದರೆ ‘ಹೆದರಿದ್ದಕ್ಕೆ’ ಎಂದು ಬಿಡಬೇಡಿ. 108ಕ್ಕೆ ಕರೆ ಮಾಡಿ. ಭಾರೀ ಆಘಾತದ ಬೆನ್ನಿಗೇ ಹೃದಯದ ಎಡ ಕೋಣೆಯ ತುದಿ ಬಲೂನಿನಂತೆ ಉಬ್ಬಿ ದುರ್ಬಲವಾಗುವ ಸ್ಥಿತಿಯೂ ಉಂಟು, ಹೆಚ್ಚಾಗಿ ಮುಟ್ಟು ನಿಂತ ಹೆಂಗಸರಲ್ಲಿ. ಜಪಾನಿನ ವೈದ್ಯರು ಮೊದಲು ವಿವರಿಸಿ, ಆ ಆಕಾರ ನೋಡಿ ತಮ್ಮಲ್ಲಿ ಆಕ್ಟೋಪಸ್ ಹಿಡಿಯುವ ಮಡಕೆಯ ಹೆಸರು ಇಟ್ಟರು, ತಕೊತ್ಸುಬೊ ಅಂತ. ಹೊರಗಿನಿಂದ ನೋಡಿದರೆ ಅದಕ್ಕೂ ಹಾರ್ಟ್ ಅಟ್ಯಾಕ್‌ಗೂ ವ್ಯತ್ಯಾಸ ತಿಳಿಯುವುದಿಲ್ಲ. ಇಸಿಜಿ ಆಗಲೇಬೇಕು.

ಇವ್ಯಾವುವೂ ಅಲ್ಲ ಅಂದಾದರೆ ಉಸಿರಾಟದ ಕಡೆ ಬನ್ನಿ. ಹೆದರಿದವರು ಮೇಲಿಂದ ಮೇಲೆ ಉಸಿರೆಳೆಯುತ್ತಾ ಇಂಗಾಲದ ಡೈಆಕ್ಸೈಡನ್ನು ಬೇಕಾದ್ದಕ್ಕಿಂತ ಹೆಚ್ಚು ಹೊರಹಾಕುತ್ತಾರೆ. ತುಟಿ, ಬೆರಳು ಜುಮ್ಮೆನ್ನುವುದು, ತಲೆ ತಿರುಗುವುದು, ಕೈಬೆರಳು ಸೆಟೆದುಕೊಳ್ಳುವುದು ಅದರಿಂದ. ಇಲ್ಲಿ ಎಲ್ಲರೂ ಮಾಡುವ ತಪ್ಪು: ‘ಜೋರಾಗಿ ಉಸಿರು ಎಳ್ಕೊ, ಎಳ್ಕೊ’ ಎನ್ನುವುದು. ಅದರಿಂದ ಜುಮ್ಮೆನ್ನುವುದು ಇನ್ನೂ ಹೆಚ್ಚುತ್ತದೆ. ಮೂಗಿನಿಂದ, ಸಣ್ಣದಾಗಿ, 4 ಎಣಿಸುವಷ್ಟು ಹೊತ್ತು ಒಳಗೆ. 6 ಎಣಿಸುವಷ್ಟು ಹೊತ್ತು ಹೊರಗೆ. ನಿಮಿಷಕ್ಕೆ ಆರು ಉಸಿರು, ಐದು ನಿಮಿಷ. ಮುಖಕ್ಕೆ ಪೇಪರ್ ಕವರ್ ಹಿಡಿಯುವುದು ಬೇಡವೇ ಬೇಡ. ಆಸ್ತಮಾ, ಹೃದಯದ ತೊಂದರೆ ಇದ್ದವರಿಗೆ ಅದು ಅಪಾಯ.

ಸಭೆಯಲ್ಲಿ ಇದನ್ನು ನಂಬಿಸಲು ಒಂದು ದಾರಿ ಇದೆ. ಎಡಗೈ ಅಂಗೈ ಮೇಲೆ ಮಾಡಿ ಹಿಡಿಯಲು ಹೇಳಿ. ಹೆಬ್ಬೆರಳಿನ ಬುಡದಿಂದ ಎರಡು ಬೆರಳಷ್ಟು ಕೆಳಗೆ, ಮಣಿಕಟ್ಟಿನ ಹೊರ ಅಂಚಿನ ಮೂಳೆ ಮತ್ತು ಅದರ ಪಕ್ಕದ ಬಿಗಿ ನರದಂಥ ಹುರಿಯ ನಡುವಿನ ತಗ್ಗಿನಲ್ಲಿ ಬಲಗೈಯ ಮೂರು ಬೆರಳು ಇಡಿಸಿ. ಒತ್ತಬಾರದು, ತಾಗಿಸಿದರೆ ಸಾಕು. ನಿಧಾನ ಉಸಿರು ತೆಗೆದುಕೊಂಡಂತೆ ನಾಡಿ ಸ್ವಲ್ಪ ಚುರುಕಾಗುತ್ತದೆ, ಬಿಟ್ಟಂತೆ ಬಡಿತಗಳ ನಡುವಿನ ಅಂತರ ಅಗಲವಾಗುತ್ತದೆ. ಉಸಿರು ಬಿಡುವಾಗ ವೇಗಸ್ ನರ ಹೃದಯವನ್ನು ಹಿಡಿದು ನಿಧಾನಿಸುವುದು ಅದು. ಹರೆಯದವರಲ್ಲಿ ಚೆನ್ನಾಗಿ ಸಿಗುತ್ತದೆ, ವಯಸ್ಸಾದವರಲ್ಲಿ ಕಡಿಮೆ, ಸಿಗದಿದ್ದರೆ ಗಾಬರಿಪಡಬೇಕಿಲ್ಲ.

ರಕ್ತ ನೋಡಿ ತಲೆ ಸುತ್ತುವವರ ಕಥೆ ಪೂರ್ತಿ ತಿರುಗಾಮುರುಗಾ. ಅವರಿಗೆ ಬಿಪಿ, ನಾಡಿ ಎರಡೂ ಇಳಿಯುತ್ತವೆ. ಅವರಿಗೆ ‘ಸಡಿಲ ಬಿಡು’ ಎಂದರೆ ಬಿದ್ದೇಬಿಡುತ್ತಾರೆ. ಮಲಗಿಸಿ ಕಾಲು ಎತ್ತರ ಮಾಡಿ. ಇನ್ನೂ ಎಚ್ಚರವಿದ್ದರೆ ತೊಡೆ, ಹೊಟ್ಟೆ, ಮುಷ್ಟಿ ಬಿಗಿಹಿಡಿದು 10-15 ಸೆಕೆಂಡ್, ಬಿಟ್ಟು ಅರ್ಧ ನಿಮಿಷ, ಹೀಗೆ ಐದು ಸಲ.

ಪೆಗ್ ಕೊಡಬೇಡಿ. ಮೊದಲು ನಿದ್ದೆ ಬಂದ ಹಾಗೆ ಮಾಡಿ, ರಾತ್ರಿಯ ಎರಡನೇ ಅರ್ಧದಲ್ಲಿ ಎಬ್ಬಿಸಿ ಕೂರಿಸುತ್ತದೆ.

---

ಶರೀರಕ್ರಿಯೆ ಮೇಷ್ಟ್ರು, ಮಡಿಕೇರಿ

ಪಿತ್ತಕೋಶ ವಾಪಸ್ ತೆಗೆದುಕೊಂಡೆ ಸಿಸ್ಟರ್. ಶುಗರ್ ವಿಷಯಕ್ಕೆ ಒಂದು ಸೇರಿಸಿಕೊಳ್ಳಿ: ಬಿಪಿಗೋ ಹೃದಯಕ್ಕೋ ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ತೆಗೆದುಕೊಳ್ಳುವವರಲ್ಲಿ ಶುಗರ್ ಇಳಿದರೂ ಎದೆ ಹೊಡೆದುಕೊಳ್ಳದೇ ಇರಬಹುದು, ನಡುಕವೂ ಮುಚ್ಚಿಹೋಗಬಹುದು. ಬೆವರು ಮಾತ್ರ ಬರುತ್ತದೆ. ಅದನ್ನೇ ಗುರುತಾಗಿ ಇಟ್ಟುಕೊಳ್ಳಬೇಕು.

---

ಕಾಫಿ ಬೀಜದ ಲೆಕ್ಕದವರು, ಪೊಲಿಬೆಟ್ಟ

ಕರಿ ಕಾಫಿಯನ್ನು ಯಾರೂ ಮುಟ್ಟಲಿಲ್ಲ, ಕೊಡಗಿನಲ್ಲಿ ಕೂತು! ನಾನೇ ಹೇಳುತ್ತೇನೆ.

ಅರೇಬಿಕಾ ಬೀಜದಲ್ಲಿ ಕೆಫೀನ್ ಹೆಚ್ಚುಕಡಿಮೆ ಶೇ 1.2, ರೊಬಸ್ಟಾದಲ್ಲಿ ಸುಮಾರು ಶೇ 2.2. ಚಿಕೋರಿಯಲ್ಲಿ ಇಲ್ಲವೇ ಇಲ್ಲ. ತೋಟದ ಮನೆಗಳಲ್ಲಿ ಚಿಕೋರಿ ಬೆರೆಸದೆ, ಸ್ವಂತ ರೊಬಸ್ಟಾ ಹುರಿದು ಪುಡಿ ಮಾಡಿ, ಬೆಲ್ಲದ ನೀರಿನಲ್ಲಿ ಕುದಿಸುವುದು. 10 ಗ್ರಾಂ ಪುಡಿ ಹಾಕಿದರೆ ಅದರೊಳಗೆ 220 ಮಿಲಿಗ್ರಾಂ ಕೆಫೀನ್ ಇರುತ್ತದೆ, ಕುದಿಸಿದಾಗ ಬಹುಪಾಲು ಲೋಟಕ್ಕೆ ಇಳಿಯುತ್ತದೆ. ಅದೇ ತೂಕದ ಅರೇಬಿಕಾ ಪುಡಿಯಲ್ಲಿ ಶೇ 30 ಚಿಕೋರಿ ಇದ್ದರೆ 84 ಮಿಲಿಗ್ರಾಂ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400ರ ಒಳಗೆ ಇರಲಿ ಎನ್ನುತ್ತಾರೆ; ಮನೆಯ ರೊಬಸ್ಟಾ ಎರಡು ಲೋಟಕ್ಕೇ ಆ ಗಡಿಯ ಹತ್ತಿರ ಹೋಗುತ್ತದೆ. ಗರ್ಭಿಣಿಯರಿಗೆ 200, ಅಂದರೆ ಒಂದೇ ಲೋಟ.

ಕೆಫೀನ್ ಮಾಡುವುದು ಇಷ್ಟು: ದಣಿವನ್ನು ತಿಳಿಸುವ ಅಡಿನೋಸಿನ್ ಕೂರುವ ಜಾಗದಲ್ಲಿ ತಾನು ಕೂರುತ್ತದೆ, ಅಡ್ರಿನಲಿನ್ ಏರಿಸುತ್ತದೆ. ಆಗಲೇ ಅಡ್ರಿನಲಿನ್ ತುಂಬಿ ನಡುಗುತ್ತಿರುವವರಿಗೆ ಅದನ್ನೇ ಮತ್ತೆ ಕೊಟ್ಟ ಹಾಗಾಯಿತು. ಅರ್ಧ ಕರಗಲು ಸುಮಾರು 5 ಗಂಟೆ. ಸಂಜೆ 5ಕ್ಕೆ ಕುಡಿದ 200 ಮಿಲಿಗ್ರಾಂನಲ್ಲಿ ರಾತ್ರಿ 10ಕ್ಕೆ 100 ಉಳಿದಿರುತ್ತದೆ. ಹೆದರಿದ ದಿನ ಮಧ್ಯಾಹ್ನದ ಮೇಲೆ ಕಾಫಿ ಬೇಡ. ಬಿಸಿ ಬೇಕಾದರೆ ಗಂಜಿ ತಿಳಿಯೋ ಜೀರಿಗೆ ನೀರೋ ಕೊಡಿ.

ಹಾಗಂತ ದಿನಾ ನಾಲ್ಕು ಲೋಟ ಕುಡಿಯುವವರಿಗೆ ಒಮ್ಮೆಲೇ ನಿಲ್ಲಿಸಿ ಎನ್ನಬೇಡಿ. 12-24 ಗಂಟೆಯೊಳಗೆ ತಲೆನೋವು, ಸಿಡುಕು ಶುರುವಾಗುತ್ತದೆ, ಆಮೇಲೆ ಅದಕ್ಕೂ ಆನೆಯೇ ಕಾರಣ ಅಂತಾರೆ. ಎರಡು ದಿನಕ್ಕೊಮ್ಮೆ ಅರ್ಧ ಲೋಟದಂತೆ ಇಳಿಸಿ.

---

ಆಪ್ತಸಮಾಲೋಚಕಿ, ಕುಶಾಲನಗರ

ಮಳೆಯ ಪ್ರಶ್ನೆ. ಹೌದು, ಅದೇ ಅಮಿಗ್ಡಲಾ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಬರೆ ಕುಸಿದಾಗ ಕಿವಿಗೆ ಬಿದ್ದ ಸದ್ದು, ಹಸಿಮಣ್ಣಿನ ವಾಸನೆ, ಮರ ಮುರಿಯುವ ಲಟಲಟ ಎಲ್ಲವೂ ಅಪಾಯದ ಗುರುತಾಗಿ ಒಳಗೆ ಕೂತಿರುತ್ತವೆ. ‘ಅದು ಆ ವರ್ಷದ, ಆ ಜಾಗದ ಮಾತು’ ಎಂದು ಕಾಲ, ಸ್ಥಳ ಜೋಡಿಸಿ ಹೇಳಬೇಕಾದ್ದು ಹಿಪ್ಪೊಕ್ಯಾಂಪಸ್ ಎಂಬ ಭಾಗ. ಆಘಾತದ ಹೊತ್ತಿನಲ್ಲಿ ಅದರ ದಾಖಲೆ ಚೂರುಚೂರಾಗಿರುತ್ತದೆ. ಹಾಗಾಗಿ ಹಂಚಿನ ಮೇಲೆ ಮಳೆ ಬಡಿದರೆ ಸಾಕು, ಮೈ 2018ಕ್ಕೆ ಹೋಗಿ ನಿಲ್ಲುತ್ತದೆ.

ಇಲ್ಲೊಂದು ಎಚ್ಚರಿಕೆ. ಮಳೆಗೆ ಹೆದರುವುದೆಲ್ಲ ಕಾಯಿಲೆಯಲ್ಲ. ಮನೆ ಹಿಂದಿನ ಬರೆಯಲ್ಲಿ ಹೊಸ ಬಿರುಕು, ಓರೆಯಾದ ಮರ, ಒರತೆ ನೀರು ಇದ್ದಕ್ಕಿದ್ದ ಹಾಗೆ ಕೆಸರಾಗಿ ಬರುವುದು ಕಂಡರೆ ಅಥವಾ ಜಿಲ್ಲಾಡಳಿತ ಜಾಗ ಬಿಡಿ ಎಂದರೆ ಉಸಿರಾಟದ ಅಭ್ಯಾಸ ಮಾಡುತ್ತಾ ಕೂರಬಾರದು, ಹೊರಡಬೇಕು. ಅಪಾಯವಿಲ್ಲದ ಜಾಗದಲ್ಲಿ, ಗಟ್ಟಿ ಸೂರಿನ ಕೆಳಗೆ ಕೂತೂ ಎದೆ ಹೊಡೆದುಕೊಂಡರೆ ಮಾತ್ರ ಮುಂದಿನದು.

ಘಟನೆಯಾದ ಮೊದಲ ದಿನಗಳಲ್ಲಿ ನಿದ್ದೆ ಬಾರದಿರುವುದು, ಬೆಚ್ಚುವುದು, ಮಕ್ಕಳು ಹಾಸಿಗೆ ಒದ್ದೆ ಮಾಡುವುದು, ತಾಯಿಯ ಸೆರಗು ಬಿಡದಿರುವುದು ಸಹಜ; ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ. ಆಗ ಎಲ್ಲರನ್ನೂ ಸುತ್ತ ಕೂರಿಸಿ ‘ಏನಾಯಿತು ಬಿಡಿಸಿ ಹೇಳಿ’ ಎಂದು ಒತ್ತಾಯಿಸಬೇಡಿ. ಒಮ್ಮೆ ಕೂರಿಸಿ ಎಲ್ಲ ಹೊರಹಾಕಿಸುವ ಆ ಕ್ರಮದಿಂದ ಉಪಯೋಗವಿಲ್ಲ, ಕೆಲವರಿಗೆ ಹಾನಿಯೂ ಆಗುತ್ತದೆ. ತಾವಾಗಿ ಹೇಳಿದರೆ ಕೇಳಿಸಿಕೊಳ್ಳಿ. ಅಂಗಡಿಯಿಂದ ಆಲ್ಪ್ರಜೋಲಾಂ ಎಂಬ ಆತಂಕ ತಗ್ಗಿಸುವ ಮಾತ್ರೆ ತಂದು ನುಂಗಿಸುವುದೂ ಬೇಡ. ಆಘಾತದ ಮೊದಲ ತಿಂಗಳಲ್ಲಿ ಆ ಗುಂಪಿನ ಮಾತ್ರೆ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ, ಬೇಗ ಚಟವಾಗುತ್ತದೆ.

ಒಂದು ತಿಂಗಳು ದಾಟಿಯೂ ಕೆಟ್ಟ ಕನಸು, ಆ ದಾರಿಯನ್ನೇ ತಪ್ಪಿಸುವುದು, ಸಣ್ಣ ಸದ್ದಿಗೆ ಹಾರಿಬೀಳುವುದು, ಕೆಲಸಕ್ಕೆ ಹೋಗಲಾಗದಿರುವುದು ಉಳಿದರೆ ಚಿಕಿತ್ಸೆ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಚಿಕಿತ್ಸೆಯ ತಿರುಳು ಇಷ್ಟು: ಹಳೆಯ ಹೆದರಿಕೆ ಅಳಿಸಿಹೋಗುವುದಿಲ್ಲ, ಅದರ ಪಕ್ಕದಲ್ಲಿ ‘ಮಳೆ ಬಂತು, ಏನೂ ಆಗಲಿಲ್ಲ’ ಎಂಬ ಹೊಸ ಪಾಠ ಕೂರಿಸಬೇಕು. ಮೊದಲು ಹಗಲಲ್ಲಿ, ತುಂತುರು ಮಳೆಯಲ್ಲಿ, ಜಗಲಿಯ ಮೇಲೆ, ಜೊತೆಗೊಬ್ಬರು. ಹೆದರಿಕೆಗೆ ಹತ್ತರಲ್ಲಿ ಅಂಕ ಕೊಡಲಿ. 7 ಇದ್ದದ್ದು 3-4ಕ್ಕೆ ಇಳಿಯುವವರೆಗೆ ಕೂರಬೇಕು, ಅರ್ಧ ಗಂಟೆಗೂ ಮೇಲೆ ಬೇಕಾದೀತು. 7 ಇರುವಾಗಲೇ ಎದ್ದು ಒಳಗೆ ಓಡಿದರೆ ಮಿದುಳು ಕಲಿಯುವುದು ‘ಓಡಿದ್ದಕ್ಕೆ ಬದುಕಿದೆ’ ಎಂದು. ಮುಂದಿನ ಸಲ ಇನ್ನೂ ಬೇಗ ಓಡಿಸುತ್ತದೆ. ತೀವ್ರವಾಗಿದ್ದವರು ಇದನ್ನು ಚಿಕಿತ್ಸಕರ ಜೊತೆಗೇ ಮಾಡಬೇಕು.

---

ಶರೀರಕ್ರಿಯೆ ಮೇಷ್ಟ್ರು, ಮಡಿಕೇರಿ

ಕಾರ್ಟಿಸೋಲ್ ಪರೀಕ್ಷೆ ಬಾಕಿ ಇತ್ತು. ಟೆನ್ಷನ್ ಅಳೆಯಲು ಅದು ಬೇಡ, ದುಡ್ಡು ದಂಡ. ಎದ್ದ ಅರ್ಧ-ಮುಕ್ಕಾಲು ಗಂಟೆಗೆ ಕಾರ್ಟಿಸೋಲ್ ದಿನದ ಶಿಖರದಲ್ಲಿರುತ್ತದೆ, ನಡುರಾತ್ರಿಗೆ ತಳದಲ್ಲಿ. ಬೆಳಗ್ಗೆ 8ಕ್ಕೆ ಕೊಟ್ಟ ರಕ್ತ, ಸಂಜೆ 4ಕ್ಕೆ ಕೊಟ್ಟ ರಕ್ತ ಎರಡೂ ಒಂದೇ ಮನುಷ್ಯನದಾದರೂ ಅಂಕಿ ಬೇರೆ. ಸೂಜಿ ಕಂಡು ಹೆದರಿದರೂ ಏರುತ್ತದೆ. ‘ಅಡ್ರಿನಲ್ ಸುಸ್ತು’ ಎಂದು ಹೇಳಿ ಪುಡಿ ಮಾರುವವರಿದ್ದಾರೆ. ಹಾರ್ಮೋನ್ ತಜ್ಞರು ಒಪ್ಪುವ ಕಾಯಿಲೆ ಅದಲ್ಲ.

ವೈದ್ಯರು ಆ ಪರೀಕ್ಷೆ ಬರೆದುಕೊಡುವುದು ಬೇರೆ ಲಕ್ಷಣಗಳಿಗೆ. ಹೊಟ್ಟೆಯ ಮೇಲೆ ಅಗಲ ನೇರಳೆ ಗೆರೆ, ಸುಮ್ಮನೆ ತಾಗಿದರೂ ಚರ್ಮ ಕಂದುವುದು, ಕುಕ್ಕರಗಾಲಿನಿಂದ ಏಳಲಾಗದಿರುವುದು ಹೆಚ್ಚಾದ್ದರ ಗುರುತು. ತೂಕ ಇಳಿದು, ಬಿಪಿ ಇಳಿದು, ಅಂಗೈ ಗೆರೆ, ಒಸಡು ಕಪ್ಪಾಗುವುದು ಕಡಿಮೆಯಾದ್ದರ ಗುರುತು. ಆಸ್ತಮಾಕ್ಕೋ ಮೈಕೈ ನೋವಿಗೋ ವಾರಗಟ್ಟಲೆ ಸ್ಟಿರಾಯ್ಡ್ ಮಾತ್ರೆ ನುಂಗಿದವರು ತಾವಾಗಿ ನಿಲ್ಲಿಸಬಾರದು. ಅಷ್ಟು ದಿನ ಮಲಗಿದ್ದ ಅಡ್ರಿನಲ್ ಗ್ರಂಥಿ ಒಮ್ಮೆಲೇ ಏಳುವುದಿಲ್ಲ.

---

ತೋಟದ ರೈಟರ್, ಸಿದ್ದಾಪುರ

ಎಲ್ಲರಿಗೂ ಧನ್ಯವಾದ. ಇಷ್ಟನ್ನೂ ಹೇಳಿದರೆ ನಿದ್ದೆ ಹೋಗುತ್ತಾರೆ. ಒಂದು ಕಾರ್ಡ್ ಮಾಡಿ ಕೊಡೋಣ ಅಂತ. ಬರೆದದ್ದು ಹೀಗೆ, ತಿದ್ದಿ:

ಆನೆ ಹೋದ ಮೇಲೆ ಕೂರಿಸಿ, ಒಬ್ಬರು ಜೊತೆಗಿರಿ. ಕಣ್ಣಿನ ಪಾಪೆ, ಬೆವರು, ಎದೆನೋವು ನೋಡಿ. ದೀರ್ಘವಾಗಿ ಉಸಿರೆಳೆಯಲು ಹೇಳಿ. ಕಾಫಿ, ಹೆಂಡ ಬೇಡ. ಆರ್‌ಆರ್‌ಟಿ (ಆನೆ ಬಂದಾಗ ಬರುವ ಅರಣ್ಯ ಇಲಾಖೆಯ ತುರ್ತು) ತಂಡದ ನಂಬರ್, 108, 14416.

---

ಸಿಸ್ಟರ್, ವಿರಾಜಪೇಟೆ

ಮೂರನೇ ಮಾತು ತೆಗೆಯಿರಿ ರೈಟರೇ, ಅಷ್ಟು ಹೇಳಿಯೂ ಅಲ್ಲಿಗೇ ಬಂದಿರಲ್ಲ! ‘ನಿಧಾನವಾಗಿ ಉಸಿರು ಬಿಡಿಸಿ, 6 ಎಣಿಸಿ’ ಎಂದು ಹಾಕಿ. ‘ಬೆವರು’ ಪಕ್ಕದಲ್ಲಿ ‘ಶುಗರ್ ಇದೆಯಾ ಕೇಳಿ’ ಸೇರಿಸಿ. ನಂಬರ್‌ಗಳು ಕೆಳಗಲ್ಲ, ಎಲ್ಲಕ್ಕಿಂತ ಮೇಲಿರಲಿ, ಕನ್ನಡಕವಿಲ್ಲದೆ ತೋಳಿನಷ್ಟು ದೂರ ಹಿಡಿದು ಓದುವಷ್ಟು ದೊಡ್ಡದಾಗಿ. ಕೊಯ್ಲಿಗೆ ಅಸ್ಸಾಂ ಕಡೆಯವರೂ ಇದ್ದರೆ ಹಿಂಬದಿಯಲ್ಲಿ ಕಣ್ಣಿನ ಎರಡು ಚಿತ್ರ ಬರೆಸಿ, ಒಂದರಲ್ಲಿ ಪಾಪೆ ದೊಡ್ಡದು, ಒಂದರಲ್ಲಿ ಚುಕ್ಕಿಯಷ್ಟು. ಚುಕ್ಕಿಯ ಕೆಳಗೆ ಔಷಧಿ ಹೊಡೆಯುವ ಕ್ಯಾನಿನ ಚಿತ್ರ.